ದಿಂಬಿನಡಿಯ ಚಾಕು

ನನ್ನ ಕೈಚೀಲದಲ್ಲಿ ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ಒಂದು ಕರವಸ್ತ್ರ ಮತ್ತು ಒಂದು ಮಡಿಸುವ ಚಾಕು ಇರುತ್ತವೆ. ಹುಣಸೂರಿನ ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದಷ್ಟು ವರ್ಷವೂ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬಿಸಿಯೂಟದ ಅಕ್ಕಿಮೂಟೆಯ ಬಾಯಿ ಬಿಚ್ಚಬೇಕಾದರೂ, ಬಾವುಟದ ಹಗ್ಗ ಸಿಕ್ಕಾದರೂ "ಜಯಾ ಮೇಡಂ ಹತ್ರ ಚಾಕು ಇರ್ತದೆ, ಇಸ್ಕೊಂಡ್ ಬನ್ನಿ" ಎಂದು ಯಾರಾದರೂ ಬರುತ್ತಿದ್ದರು. ನಾನು ಅದನ್ನು ಯಾರ ಕೈಗೂ ಕೊಟ್ಟವಳಲ್ಲ. ಮೇಜಿನ ಮೇಲಿಡುತ್ತಿದ್ದೆ, ಅವರು ಎತ್ತಿಕೊಳ್ಳಬೇಕಿತ್ತು. ಚಾಕು ಕೈಯಿಂದ ಕೈಗೆ ದಾಟಿದರೆ ಜಗಳ ಹತ್ತುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ವಿಜ್ಞಾನದ ಪಾಠ ಮಾಡುವವಳೇ ಹೀಗಾದರೆ ಹೇಗೆ ಎಂದು ಹೊಸದಾಗಿ ಬಂದ ಮೇಷ್ಟ್ರುಗಳು ನಗುತ್ತಿದ್ದರು. ನಗಲಿ ಬಿಡಿ. ಅವರಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಅವರು ಅಲಗು ತೆರೆದಾಗ 'ಟಕ್' ಎಂದು ಬರುವ ಸದ್ದಿಗೆ ನನ್ನ ಬೆನ್ನು ತಾನಾಗಿಯೇ ಸೆಟೆದುಕೊಳ್ಳುತ್ತಿತ್ತು. ನಿವೃತ್ತಿಯಾದ ಮೇಲೂ ಅದು ಹೋಗಿಲ್ಲ. ಆ ಸದ್ದು ಕೇಳಿದರೆ ಸಾಕು, ನಾನು ಒಂಬತ್ತು ವರ್ಷದ ಹುಡುಗಿಯಾಗಿ ನಮ್ಮ ನಡುಮನೆಯ ಕಂಬಕ್ಕೆ ಅಂಟಿಕೊಂಡು ನಿಂತಿರುತ್ತೇನೆ.

ನಮ್ಮದು ಬೆಟ್ಟದಪುರಕ್ಕೆ ಎರಡು ಮೈಲಿ ಆಚೆಯ ಹಳ್ಳಿ. ಜಗಲಿಯಲ್ಲಿ ಕೂತರೆ ಬೆಟ್ಟ ಎದುರಿಗೇ ಕಾಣುತ್ತಿತ್ತು. ಜಗಲಿ ದಾಟಿದರೆ ನಡುಮನೆ, ಅದರ ಒಂದು ಮಗ್ಗುಲಿಗೆ ದನದ ಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ, ಹಿಂದಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯ ಹಿಂಗೋಡೆಗೆ ಒತ್ತಿಕೊಂಡಂತೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು. ಎತ್ತರದ ಗೋಡೆ, ಹಂಚಿನ ಮಾಡು, ಕೆಳಗೆ ಹಗಲೂ ರಾತ್ರಿ ಉರಿಯುವ ಒಲೆ. ಸೊಪ್ಪಿನ ಕಾಲ ಬಂತೆಂದರೆ ಆ ಕೋಣೆಯ ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಇರುತ್ತಿತ್ತು. ನಾವು ಉಂಡ ರಾಗಿಮುದ್ದೆಗೂ, ಹೊದ್ದ ಕಂಬಳಿಗೂ, ಅವ್ವನ ತಲೆಗೂದಲಿಗೂ ಹೊಗೆಸೊಪ್ಪಿನದೇ ವಾಸನೆ. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಾಗಲೇ ಅದೊಂದು ವಾಸನೆ ಎಂದು ನನಗೆ ಗೊತ್ತಾದದ್ದು.

ಅಪ್ಪನ ಚಾಕು ಇದ್ದದ್ದು ಅವನ ಅಂಗಿಯ ಎದೆಜೇಬಿನಲ್ಲಿ. ಹಿತ್ತಾಳೆಯ ಹಿಡಿ, ಬೆರಳುದ್ದದ ಅಲಗು. ಅಲಗಿನ ಮೇಲೆ ಉಗುರು ಹಾಕಿ ಎತ್ತಲು ಒಂದು ಗೀರು. ಹಿಡಿಯ ಒಂದು ಪಕ್ಕ ಅಪ್ಪನ ಹೆಬ್ಬೆರಳು ತಾಗಿ ತಾಗಿ ತಗ್ಗಾಗಿತ್ತು. ಬೆಳಿಗ್ಗೆ ಎದ್ದು ಬೇವಿನ ಕಡ್ಡಿ ಸವರುವುದರಿಂದ ಹಿಡಿದು ಸಂಜೆ ಅಡಿಕೆ ಹೋಳು ಮಾಡುವವರೆಗೆ ಅವನಿಗೆ ಅದಿಲ್ಲದೆ ಆಗುತ್ತಿರಲಿಲ್ಲ. ಸೊಪ್ಪು ಕಟ್ಟುವ ದಾರ, ಎತ್ತಿನ ಮೂಗುದಾರ, ಗೊಬ್ಬರದ ಚೀಲ, ನನ್ನ ಕಾಲಿಗೆ ಚುಚ್ಚಿದ ಜಾಲಿಮುಳ್ಳು, ನನ್ನ ಪೆನ್ಸಿಲ್ಲು, ಎಲ್ಲಕ್ಕೂ ಅದೇ. ವಾರಕ್ಕೊಮ್ಮೆ ಅದಕ್ಕೂ ಅಭ್ಯಂಜನ. ಸೊಪ್ಪಿನ ಕಪ್ಪು ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬಚ್ಚಲ ಕಲ್ಲಿನ ಮೇಲೆ ಮಸೆದು, ಕೀಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದ. ನನ್ನ ತಲೆಗೆ ಎಣ್ಣೆ ಹಚ್ಚುವುದನ್ನು ಅವ್ವ ಎಷ್ಟೋ ವಾರ ಮರೆತದ್ದಿದೆ, ಅಪ್ಪ ಮಾತ್ರ ಚಾಕಿನ ಎಣ್ಣೆ ಮರೆತವನಲ್ಲ.

ಅಪ್ಪ ಬೈಯುವವನಲ್ಲ, ಹೊಡೆಯುವವನಂತೂ ಅಲ್ಲವೇ ಅಲ್ಲ. ಸಿಟ್ಟು ಬಂದರೆ ಜಗಲಿಯ ಮೇಲೆ ಕೂತು ಜೇಬಿನಿಂದ ಚಾಕು ತೆಗೆಯುತ್ತಿದ್ದ. ಅಲಗು ತೆರೆಯುವುದು, ಮಡಿಸುವುದು. ಟಕ್. ಟಕ್. ಮಾತಿಲ್ಲ. ಒಳಗೆ ಮುದ್ದೆ ತೊಳಸುತ್ತಿದ್ದ ಅವ್ವನ ಕೈ ಅಲ್ಲೇ ನಿಂತುಬಿಡುತ್ತಿತ್ತು. ಅಜ್ಜಿ, ಅಂದರೆ ಅಪ್ಪನ ತಾಯಿ, ಊರಿಗೆಲ್ಲ ಬಾಯಿಮಾಡುವ ಹೆಂಗಸು, ಅವಳೂ ಎಲೆಅಡಿಕೆಯನ್ನು ಬಾಯಿಯ ಒಂದು ಪಕ್ಕಕ್ಕೆ ತಳ್ಳಿ ಸುಮ್ಮನಾಗುತ್ತಿದ್ದಳು. ನಾನು ಕಂಬ ಹಿಡಿದುಕೊಂಡು ಎಣಿಸುತ್ತಿದ್ದೆ. ಹತ್ತರೊಳಗೆ ನಿಂತರೆ ಸಣ್ಣ ಸಿಟ್ಟು. ಮೂವತ್ತು ದಾಟಿದರೆ ಆ ದಿನ ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಆ ಚಾಕಿನಿಂದ ಅಪ್ಪ ಯಾರಿಗೂ ಒಂದು ಗೀರು ಹಾಕಿದವನಲ್ಲ. ಆದರೂ ನಾನು ಅವನಿಗೆ ಹೆದರುತ್ತಿದ್ದೆ. ತುಂಬಾ ಹೆದರುತ್ತಿದ್ದೆ. ಎರಡೇಟು ಹೊಡೆದು ಮುಗಿಸುವ ಅಪ್ಪಂದಿರಿದ್ದ ನನ್ನ ಗೆಳತಿಯರನ್ನು ಕಂಡು ಎಷ್ಟೋ ಸಲ ಹೊಟ್ಟೆಕಿಚ್ಚುಪಟ್ಟಿದ್ದೇನೆ.

ನನ್ನ ನಂತರ ಅವ್ವನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಒಂದು ವಾರದೊಳಗೆ ಹೋಯಿತು, ಇನ್ನೊಂದು ಎರಡು ತಿಂಗಳಿಗೆ. ಎರಡಕ್ಕೂ ಗಾಳಿ ಸೋಕಿತು ಎಂದು ಅಜ್ಜಿ ತೀರ್ಮಾನ ಮಾಡಿದ್ದಳು. ಹಾಗಾಗಿ ಆಷಾಢದಲ್ಲಿ ಮೂರನೆಯ ಕೂಸು, ಒಂದು ಹೆಣ್ಣು, ಹುಟ್ಟಿದಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ನಗಲಿಲ್ಲ. ಮೂರು ತಿಂಗಳು ತುಂಬುವವರೆಗೆ ಹೆಸರಿಡಬಾರದು ಎಂದಾಯಿತು. ಥಂಡಿ ತಾಗದಿರಲೆಂದು ಬಾಣಂತಿಯನ್ನೂ ಕೂಸನ್ನೂ ಬ್ಯಾರನ್ನಿಗೆ ಒತ್ತಿಕೊಂಡಿದ್ದ ಆ ಬಿಸಿ ಕೋಣೆಗೆ ಹಾಕಿದರು. ಕೂಸಿನ ತಲೆಯ ಕೆಳಗೆ ಕಬ್ಬಿಣ ಇಡಬೇಕು, ಕಬ್ಬಿಣ ಇದ್ದಲ್ಲಿಗೆ ಗಾಳಿ ಬರುವುದಿಲ್ಲ. ಸಾಮಾನ್ಯಕ್ಕೆ ಕುಡುಗೋಲು ಇಡುತ್ತಾರೆ. ಹಿಂದಿನ ಎರಡಕ್ಕೂ ಅದನ್ನೇ ಇಟ್ಟು ಫಲ ಕಾಣದ್ದರಿಂದ ಈ ಸಲ ಅಪ್ಪನ ಚಾಕೇ ಆಗಬೇಕೆಂದು ಅಜ್ಜಿ ಹಟ ಹಿಡಿದಳು. ಹೆತ್ತವನ ಮೈಯಿಗೆ ಅಂಟಿಕೊಂಡಿದ್ದ ಕಬ್ಬಿಣಕ್ಕೆ ಶಕ್ತಿ ಹೆಚ್ಚಂತೆ. ಅಪ್ಪ ಜೇಬಿನಿಂದ ತೆಗೆದು ಹೊಸ್ತಿಲ ಮೇಲಿಟ್ಟ, ಅಜ್ಜಿ ಎತ್ತಿಕೊಂಡು ಹೋಗಿ ಅಲಗು ತೆರೆದು ದಿಂಬಿನ ಕೆಳಗೆ ತಳ್ಳಿದಳು. ಹೆರಿಗೆಯಾಗಿ ನಾಲ್ಕು ದಿನವೂ ಆಗದ ಅವ್ವ ಕೈ ಹಾಕಿ ಅದನ್ನು ಈಚೆಗೆಳೆದು ಮಡಿಸಿದಳು.

"ಬಾಯಿ ಮುಚ್ಕಂಡಿರೋ ಕಬ್ಣುಕ್ಕೆ ಯಾವ ಗಾಳಿ ಎದ್ರುತದೆ? ಬಾಯಿ ತಗುದು ಮಡುಗು" ಎಂದಳು ಅಜ್ಜಿ.

"ತಗುದು ಮಡುಗುದ್ರೆ ಕೂಸು ಕುಯ್ಕತದೆ ಕಣತ್ತೆ. ಗಾಳಿ ಯಾಕ್ ಬೇಕು, ನಾವೇ ಸಾಯ್ಸಂಗಾಯ್ತದೆ."

"ಎರಡ ಕಳ್ಕಂಡೋಳು ನೀನು. ನಂಗೇಳ್ಕೊಡ್ಬ್ಯಾಡ."

ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಭುಜ ಅಲುಗುವುದು ನನಗೆ ಕಾಣುತ್ತಿತ್ತು. ಬಾಗಿಲಾಚೆ ನಿಂತಿದ್ದ ಅಪ್ಪ ಒಳಗೆ ಕಾಲಿಡದೆ ಹೇಳಿದ.

"ಕಬ್ಣ ಕಬ್ಣನೇ ಕಣವ್ವ. ಬಾಯಿ ತಗುದ್ರೇನು, ಮುಚ್ಚುದ್ರೇನು. ಅಂಗೇ ಇರ್ಲಿ ಬುಡು."

ಕಬ್ಬಿಣ ಕಬ್ಬಿಣವೇ. ಈ ಮಾತನ್ನು ನಾನು ಗಂಟು ಕಟ್ಟಿಟ್ಟುಕೊಂಡೆ. ಆಮೇಲೆ ನಾನು ಮಾಡಿದ್ದಕ್ಕೆ ಈ ಮಾತೇ ನನಗಿದ್ದ ಧೈರ್ಯ.

ಚಾಕಿಲ್ಲದ ಅಪ್ಪ ಒಂದು ವಾರ ಎದೆಜೇಬು ತಡವಿಕೊಂಡೇ ಓಡಾಡಿದ. ಆಮೇಲೆ ಒಂದು ದಿನ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಬೈಲಕುಪ್ಪೆಯ ಪಕ್ಕದ ಕೊಪ್ಪದಲ್ಲಿ ಮಡಿಕೇರಿ ರಸ್ತೆಯ ಬದಿಗೆ ಟಿಬೆಟಿನವರು ಸ್ವೆಟರು, ಟಾರ್ಚು, ಚಾಕು ಹರವಿಕೊಂಡು ಕೂತಿರುತ್ತಿದ್ದರು. ಒಬ್ಬ ಹೆಂಗಸು ಉಣ್ಣೆ ಹೆಣೆಯುತ್ತಲೇ ಅಪ್ಪನ ಮುಂದೆ ಹತ್ತು ಹನ್ನೆರಡು ಚಾಕು ಇಟ್ಟಳು. ಅಪ್ಪ ಹೆಣ್ಣು ನೋಡುವುದಕ್ಕೆ ಹೋದವನ ಹಾಗೆ ಒಂದೊಂದರಲ್ಲೂ ಒಂದೊಂದು ಐಬು ಹುಡುಕಿದ. ಮೊದಲು ಮಡಿಸಿದ ಚಾಕನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೈಗೆ ಕೂರಲಿಲ್ಲವೆಂದರೆ ಅದು ಪಕ್ಕಕ್ಕೆ. ಆಮೇಲೆ ಕಿವಿಯ ಹತ್ತಿರ ಹಿಡಿದು ತೆರೆಯುತ್ತಿದ್ದ. ಸದ್ದು ಒಂದೇ ಆಗಿರಬೇಕು, ಎರಡು ಸದ್ದು ಬಂದರೆ ಕೀಲು ಸಡಿಲ. ಅಲಗನ್ನು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡುತ್ತಿದ್ದ. ಕಡೆಗೆ ಅಲಗಿನ ಬೆನ್ನನ್ನು ಹಲಗೆಗೆ ಒತ್ತಿ, ಅದು ಬೆರಳ ಮೇಲೆ ಮಡಿಸಿಕೊಳ್ಳುತ್ತದೆಯೇ ಎಂದು ಪರೀಕ್ಷೆ. ಕತ್ತರಿ, ಬಿರಡೆ ತೆಗೆಯುವ ಕೊಕ್ಕೆ, ಸಣ್ಣ ಗರಗಸ ಎಲ್ಲ ಇದ್ದ ಕೆಂಪು ಬಣ್ಣದ ಒಂದನ್ನು ನಾನು ಆಸೆಯಿಂದ ಮುಂದೆ ತಳ್ಳಿದೆ.

"ಅತ್ತೆಂಟು ಕೆಲ್ಸ ಮಾಡ್ತೀನಿ ಅನ್ನೋನು ಒಂದ್ನೂ ನೆಟ್ಗೆ ಮಾಡಲ್ಲ ಕಣವ್ವ" ಎಂದ ಅಪ್ಪ. "ದೊಡ್ಡದೂ ಬ್ಯಾಡ. ಜೇಬಿಗೆ ಬಾರ ಆದ್ರೆ ಮನೇಲಿ ಬುಟ್ಟೋಯ್ತೀವಿ. ಮನೇಲಿರೋ ಚಾಕು ಒಲದಲ್ಲಿ ಏನ್ ಕುಯ್ದಾತು?"

ಮನೆಯಿಂದ ಸೊಪ್ಪು ಕಟ್ಟುವ ದಾರದ ತುಂಡು ತಂದಿದ್ದ. ಅದನ್ನು ಒಂದೇ ಎಳೆತಕ್ಕೆ ಕೊಯ್ದ ಮರದ ಹಿಡಿಯ ಚಾಕೊಂದು ಕೊನೆಗೆ ಒಪ್ಪಿಗೆಯಾಯಿತು. ತೆರೆದ ಮೇಲೆ ಅದರ ಅಲಗು ಲಾಕಾಗುತ್ತಿತ್ತು. ಆ ಹೆಂಗಸು ಅದನ್ನು ಕೈಗೆ ಕೊಡಲು ಚಾಚಿದರೆ ಅಪ್ಪ ಕೈ ಮುಂದೆ ಮಾಡಲೇ ಇಲ್ಲ. ಅವಳು ನಕ್ಕು ಬಟ್ಟೆಯ ಮೇಲಿಟ್ಟಳು. ಬಸ್ಸಿನಲ್ಲಿ ಅಪ್ಪ ನನಗೆ ಚಾಕು ಹಿಡಿಯುವುದು ಹೇಳಿಕೊಟ್ಟ. ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗಬೇಕು. ತೆರೆದ ಚಾಕು ಹಿಡಿದು ನಡೆಯಬಾರದು. ಮಡಿಸುವಾಗ ಬೆರಳು ಅಲಗಿನ ದಾರಿಯಲ್ಲಿ ಇರಬಾರದು. ಕೆಲಸ ಮುಗಿದ ಮರುಗಳಿಗೆ ಜೇಬಿಗೆ ಹೋಗಬೇಕು, ಮಡಿಲಲ್ಲೋ ನೆಲದಲ್ಲೋ ಇಟ್ಟರೆ ಕಳೆಯಿತೆಂದೇ ಲೆಕ್ಕ. ಅಪ್ಪನ ಪಕ್ಕ ಕೂತು ಹೆದರದೆ ಉಸಿರಾಡಿದ ಪ್ರಯಾಣ ನನಗೆ ಅದೊಂದೇ ನೆನಪಿರುವುದು. ಆದರೆ ಊರು ಹತ್ತಿರವಾದ ಹಾಗೆ ಅವನು ಹೊಸ ಚಾಕನ್ನು ಕೈಯಲ್ಲಿ ಮತ್ತೆ ಮತ್ತೆ ತಿರುಗಿಸಿ, ಹೆಬ್ಬೆರಳಿಗೆ ಆ ಹಳೆಯ ತಗ್ಗು ಸಿಗದೆ, ಜೇಬಿಗೆ ಹಾಕಿಕೊಂಡ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಸೊಪ್ಪನ್ನು ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ ಬ್ಯಾರನ್ನಿನೊಳಗೆ ತೂಗುಹಾಕುತ್ತಾರೆ. ಹದವಾದ ಮೇಲೆ ಕಡ್ಡಿಗಳನ್ನು ಇಳಿಸಿ, ಎರಡು ತುದಿಯ ಗಂಟು ಕೊಯ್ದು, ದಾರ ಎಳೆದು ಸೊಪ್ಪನ್ನು ರಾಶಿ ಹಾಕಬೇಕು. ಹೆಂಗಸರ ಹತ್ತಿರ ಬ್ಲೇಡು ಇರುತ್ತಿತ್ತು. ಮಕ್ಕಳಿಗೆ ಬ್ಲೇಡು ಕೊಡುತ್ತಿರಲಿಲ್ಲ, ನಾವು ಉಗುರಿನಲ್ಲಿ, ಹಲ್ಲಿನಲ್ಲಿ ಬಿಚ್ಚಬೇಕು. ದಾರಕ್ಕೆ ಹತ್ತಿದ ಆ ಕಹಿ ನಾಲಗೆಗೆ ಇಳಿದರೆ ತಲೆ ಗಿರ್ರೆನ್ನುತ್ತದೆ. ಒಂದು ದಿನ ಹೀಗೆ ಕಚ್ಚಿ ಕಚ್ಚಿ ನಾನು ಸೊಪ್ಪು ಬಿಚ್ಚುವ ಚಪ್ಪರದ ಹಿಂದೆ ಹೋಗಿ ಮೂರು ಸಲ ವಾಂತಿ ಮಾಡಿಕೊಂಡೆ. ಮಾರನೆಯ ಬೆಳಿಗ್ಗೆಯೂ ಅದೇ ಕೆಲಸ ಕಾದಿತ್ತು. ಅಜ್ಜಿ ಅವ್ವನಿಗೆ ನೀರು ಹಾಕಲು ಬಚ್ಚಲಿಗೆ ಕರೆದುಕೊಂಡು ಹೋಗುತ್ತಾ, "ಕೂಸು ನೋಡ್ಕಳಮ್ಮಿ" ಎಂದು ನನ್ನನ್ನು ಕೋಣೆಯಲ್ಲಿ ಕೂರಿಸಿದಳು. ಕೂಸಿಗೆ ಒಂದೂವರೆ ತಿಂಗಳು. ಮೂರು ಸುತ್ತು ಬಟ್ಟೆ ಸುತ್ತಿದ್ದರು, ಮುಖ ಮಾತ್ರ ಕೆಂಪಗೆ ಹೊರಗಿತ್ತು. ದಿಂಬಿನಡಿಯಲ್ಲಿ ಚಾಕು ಸುಮ್ಮನೆ ಮಲಗಿದೆ, ನಾನು ವಾಂತಿ ಮಾಡಿಕೊಂಡು ಸಾಯಬೇಕು ಎಂದು ನನಗೆ ಸಿಟ್ಟು ಬಂತು. ಕಬ್ಬಿಣ ಕಬ್ಬಿಣವೇ ಅಂದಿದ್ದನಲ್ಲ ಅಪ್ಪ. ಕೊಟ್ಟಿಗೆಗೆ ಓಡಿಹೋಗಿ ಕೆಂದ ಎತ್ತಿನ ಕಾಲಿಂದ ಬಿದ್ದಿದ್ದ ಒಂದು ಸವೆದ ಲಾಳ ತಂದೆ. ಚಾಕು ತೆಗೆದುಕೊಂಡು, ಆ ಜಾಗದಲ್ಲಿ ಲಾಳವನ್ನು ಇಟ್ಟು, ದಿಂಬನ್ನು ಮೊದಲಿನ ಹಾಗೆಯೇ ಸರಿಮಾಡಿದೆ. ಸಂಜೆಗೆ ವಾಪಸ್ಸು ಇಟ್ಟರಾಯಿತು ಎಂದುಕೊಂಡೆ.

ಹೊತ್ತು ನೆತ್ತಿಗೇರುವವರೆಗೆ ನಾನು ರಾಣಿ. ಪಾವಡೆಯ ಮರೆಯಲ್ಲಿ ಚಾಕು ಹಿಡಿದು ಟಕ್ಕೆಂದು ಗಂಟು ಕೊಯ್ಯುತ್ತಿದ್ದೆ, ಬಾಯಿ ಕಹಿಯಾಗಲಿಲ್ಲ. ಅಷ್ಟರಲ್ಲಿ ಯಾರೋ ನೀರು ಕೇಳಿದರು. ಚಾಕು ಮಡಿಲಲ್ಲಿದೆ ಎಂಬುದನ್ನು ಮರೆತು ಎದ್ದು ಹೋದೆ. ಕೊಡದಿಂದ ನೀರು ಮೊಗೆಯುವಾಗ ನೆನಪಾಯಿತು. ಓಡಿ ಬಂದು ನೋಡಿದರೆ ನಾನು ಕೂತಿದ್ದ ಜಾಗದಲ್ಲಿ ಸೊಪ್ಪಿನ ರಾಶಿ ಮೊಳಕಾಲೆತ್ತರ ಬೆಳೆದಿತ್ತು. ಮಂಡಿಯೂರಿ ಎರಡೂ ಕೈ ಹಾಕಿ ಕೆದಕಿದೆ. ನಮ್ಮ ಪಕ್ಕದ ಮನೆಯ ನಿಂಗಮ್ಮತ್ತೆ ಕತ್ತೆತ್ತಿ ನೋಡಿದಳು.

"ಏನುಡುಕ್ತಿದ್ದೀಯಮ್ಮಿ? ಸೊಪ್ಪೆಲ್ಲ ಪುಡಿ ಮಾಡ್ತೀಯ."

"ಓಲೆ ಬಿದ್ದೋಯ್ತು ಕಣತ್ತೆ."

ಬಾಯಿಗೆ ಬಂದ ಸುಳ್ಳು. ಕಿವಿ ಮುಚ್ಚಿಕೊಂಡು, ಯಾರೂ ನೋಡದ ಹಾಗೆ ಒಂದು ಓಲೆಯನ್ನು ಬಿಚ್ಚಿ ಮುಷ್ಟಿಯಲ್ಲಿ ಅಡಗಿಸಿದೆ. ಪಾಪ, ಆರು ಜನ ಹೆಂಗಸರು ಕೆಲಸ ಬಿಟ್ಟು ನನ್ನ ಓಲೆ ಹುಡುಕಲು ಬಾಗಿದರು. ಒಬ್ಬೊಬ್ಬರು ಒಂದೊಂದು ತುದಿಯಿಂದ ಕೆದಕತೊಡಗಿದರು. ಚಾಕು ಇವರ ಕೈಗೇ ಸಿಕ್ಕಿಬಿಟ್ಟರೆ? ಹೆದರಿ ಓಲೆಯನ್ನು ಸೊಪ್ಪಿನ ಮೇಲೆ ಬಿಟ್ಟೆ. "ಸಿಕ್ತಲ್ಲಮ್ಮಿ" ಎಂದು ನಿಂಗಮ್ಮತ್ತೆ ಎತ್ತಿಕೊಟ್ಟಳು. ಅಲ್ಲಿಗೆ ಹುಡುಕಾಟ ಮುಗಿಯಿತು. ಇನ್ನು ಯಾವ ನೆಪ ಹೇಳಿ ಕೆದಕುವುದು? ಅಪ್ಪ ಬಂದು ನನಗೆ ಬೆನ್ನು ಮಾಡಿ ಇನ್ನೊಂದು ರಾಶಿಯ ಪಕ್ಕ ಕೂತ. ಸೊಪ್ಪನ್ನು ಗೋಣಿಯಲ್ಲಿ ಒತ್ತಿ ಬೇಲು ಕಟ್ಟುವುದನ್ನೂ, ಬೇಲಿನೊಳಗೆ ಚಾಕು ಸೇರಿ ಮಾರಾಟಕ್ಕೆ ಹೋಗುವುದನ್ನೂ, ತೂಕ ಹೆಚ್ಚಿಸಲು ಕಬ್ಬಿಣ ತುಂಬಿದ ಕಳ್ಳ ಎಂದು ಎಲ್ಲರೆದುರು ಅಪ್ಪನನ್ನು ಹಿಡಿಯುವುದನ್ನೂ ನಾನು ಅಲ್ಲೇ ಕೂತು ಕಣ್ಣಾರೆ ಕಂಡೆ. ಊಟಕ್ಕೆ ಕರೆದರೆ ಹೊಟ್ಟೆನೋವು ಎಂದೆ.

ದೀಪ ಹಚ್ಚುವ ಹೊತ್ತಿಗೆ ಕೋಣೆಯಿಂದ ಅವ್ವನ ಕೂಗು ಕೇಳಿತು. ಅವ್ವ ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಬಾಗಿಲ ಹತ್ತಿರ ಹೋಗಿ ನೋಡಿದರೆ ಕೂಸಿನ ಕಣ್ಣುಗುಡ್ಡೆ ಮೇಲಕ್ಕೆ ಹೋಗಿದ್ದವು, ಕೈ ಮುಷ್ಟಿಯಾಗಿತ್ತು, ಮೈ ಕಡ್ಡಿಯ ಹಾಗೆ ಸೆಟೆದು ಅದುರುತ್ತಿತ್ತು. ಅಜ್ಜಿ ಎದೆ ಬಡಿದುಕೊಂಡಳು.

"ಗಾಳಿ ಕಣೋ, ಗಾಳಿ. ಅವೆಲ್ಡೂ ಇಂಗೇ ಓದ್ವು. ಕಬ್ಣ ಅದಾ ನೋಡ್ರೋ."

ನಾನು ಒಳಗೊಳಗೇ ಉತ್ತರ ಹೇಳಿಕೊಂಡೆ. ಕಬ್ಬಿಣ ಇದೆ ಅಜ್ಜಿ, ಎತ್ತಿನ ಕಾಲಿನದು. ಎತ್ತು ಸಗಣಿ ತುಳಿದ, ಕೆಸರು ತುಳಿದ ಜೋಡು. ಅದನ್ನು ತಂದು ಕೂಸಿನ ತಲೆಯ ಕೆಳಗೆ ಇಟ್ಟಿದ್ದೇನೆ. ಲಾಳವೆಂದರೆ ಎತ್ತಿನ ಪಾದರಕ್ಷೆ ಎಂಬುದು ನನಗೆ ಹೊಳೆದದ್ದೇ ಆ ಗಳಿಗೆಯಲ್ಲಿ. ಯಾರ ತಲೆಯ ಹತ್ತಿರವೂ ಚಪ್ಪಲಿ ಬಿಡದ ಮನೆಯಲ್ಲಿ ನಾನು ಈ ಕೆಲಸ ಮಾಡಿದ್ದೆ. ಗಾಳಿಗೆ ಇನ್ನೇನು ಕರೆ ಬೇಕು? ನಾನೇ ಕೊಂದೆ ಎಂದು ನನಗೆ ನಿಶ್ಚಯವಾಯಿತು. ಆಗ ಅಪ್ಪ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ಸೊಪ್ಪಿನ ಕೆಲಸ ಮಾಡಿದವರು ಮೈ ತೊಳೆಯದೆ ಬಾಣಂತಿ ಕೋಣೆಗೆ ಕಾಲಿಡುವಂತಿರಲಿಲ್ಲ. ಅವನ ಕೈ ಮೊಣಕೈವರೆಗೆ ಕಪ್ಪಗಿತ್ತು. ಅದೇ ಕೈಯಲ್ಲಿ ಚಾಪೆಯ ಮೇಲೆ ಬಾಗಿ, ಕೂಸನ್ನು ಬಾಚಿ ಎತ್ತಿಕೊಂಡ. ನನ್ನ ಮುಂದೆಯೇ ದಾಟಿಹೋದ. ಆಗ ಅವನ ಮುಖ ಬೂದಿಯ ಬಣ್ಣಕ್ಕಿತ್ತು. ಮೇಲಿನ ಬೀದಿಯವರ ಜೀಪು ಬಂತು, ಅಪ್ಪ ಅವ್ವ ಕೂಸನ್ನು ಎತ್ತಿಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ಹೊರಟುಹೋದರು.

ಮನೆಯಲ್ಲಿ ಉಳಿದವರು ಅಜ್ಜಿ ಮತ್ತು ನಾನು. ಅಜ್ಜಿ ದೀಪ ಹಿಡಿದು ಕೋಣೆಗೆ ಹೋದಳು. ಹೇಳಿಬಿಡೋಣವೆಂದು ಅವಳ ಹಿಂದೆಯೇ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ದಿಂಬು ಎತ್ತಿದಳು.

ಅಲ್ಲಿ ಚಾಕು ಇತ್ತು. ಹಿತ್ತಾಳೆ ಹಿಡಿಯ ಅಪ್ಪನ ಚಾಕು, ಮಡಿಸಿದ್ದು. ಲಾಳ ಇರಲಿಲ್ಲ.

"ಅದೆಯಲ್ಲ" ಎಂದು ಅಜ್ಜಿ ನೆಲಕ್ಕೆ ಕುಸಿದು ಕೂತು ಅಳತೊಡಗಿದಳು. "ಬಾಯಿ ಮುಚ್ಕಂಡದೆ. ನಾನೇಳ್ದೆ. ಯಾರ್ ಕೇಳುದ್ರು?"

ಚಾಕು ಕಳೆದುಹೋಯಿತೆಂಬ ಹೆದರಿಕೆ ಒಂದು ಬಗೆಯದು. ಕಳೆದುಹೋದದ್ದು ತಾನೇ ಬಂದು ದಿಂಬಿನಡಿ ಮಲಗಿದರೆ ಹುಟ್ಟುವ ಹೆದರಿಕೆಯೇ ಬೇರೆ. ಅದನ್ನು ಅಲ್ಲಿಗೆ ತಂದದ್ದು ಯಾರು? ಲಾಳವನ್ನು ಎತ್ತಿಕೊಂಡು ಹೋದದ್ದು ಯಾರು? ಗಾಳಿಯೇ ಬಂದು ನನ್ನ ಕಳ್ಳತನವನ್ನು ಸರಿಮಾಡಿ, ಬದಲಿಗೆ ಕೂಸನ್ನು ಕೇಳುತ್ತಿದೆ ಎಂದು ನಾನು ತಿಳಿದೆ. ಅವರು ಬರುವವರೆಗೆ ಮೂರು ದಿನ ನಾನು ಆ ಕೋಣೆಯ ಕಡೆ ಬೆನ್ನು ಮಾಡಿ ಕೂರಲಿಲ್ಲ. ಕೊಟ್ಟಿಗೆಯಲ್ಲಿ ಕೆಂದನ ಕಾಲು ನೋಡಲೂ ಭಯ. ಬೆಟ್ಟದ ಮೇಲಿನ ದೇವರಿಗೆ ಜಗಲಿಯಿಂದಲೇ ಕೈಮುಗಿದು, ಕೂಸು ಉಳಿದರೆ ಜನ್ಮದಲ್ಲಿ ಚಾಕು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತೆ.

ಕೂಸು ಉಳಿಯಿತು. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತ್ತಂತೆ. ಅದರ ಮೇಲೆ ಕಾದ ಗೋಡೆಯ ಕೋಣೆ, ಮೂರು ಸುತ್ತು ಬಟ್ಟೆ. ಡಾಕ್ಟರು ಬೈದದ್ದನ್ನು ಅವ್ವ ಹೇಳಿದಳು, ಕೂಸನ್ನು ನಡುಮನೆಗೆ ತಂದರು. ಮೂರು ತಿಂಗಳು ತುಂಬಿದ ಮೇಲೆ ಭಾಗ್ಯ ಎಂದು ಹೆಸರಿಟ್ಟರು. ಅಜ್ಜಿ ಚಾಕನ್ನು ತೊಳೆದು ಅಪ್ಪನ ಮುಂದೆ ಇಟ್ಟಳು. ಅಪ್ಪ ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ, ಟ್ರಂಕಿನ ತಳಕ್ಕೆ ಹಾಕಿ ಮುಚ್ಚಿದ. ಕೊಪ್ಪದ ಚಾಕೇ ಅವನ ಜೇಬಿನ ಚಾಕಾಯಿತು. ಇನ್ನೊಂದು ಬದಲಾವಣೆಯನ್ನು ನಾನೊಬ್ಬಳೇ ಗಮನಿಸಿದ್ದೆ. ಜಗಲಿಯ ಮೇಲಿನ ಟಕ್ ಟಕ್ ನಿಂತುಹೋಗಿತ್ತು. ಅದರ ಬದಲು ಅಪ್ಪ ನಡೆದಾಗ, ಬಾಗಿದಾಗ ಎದೆಜೇಬಿನಲ್ಲಿ ಚಾಕಿಗೆ ಇನ್ನೇನೋ ತಾಗಿ ಕಿಣಿ ಎನ್ನುತ್ತಿತ್ತು.

ಸಿಟ್ಟಿನ ಸದ್ದು ನಿಂತರೆ ನೆಮ್ಮದಿಯಾಗಬೇಕಿತ್ತು. ನನಗೆ ಆಗಲಿಲ್ಲ. ಅಪ್ಪನಿಗೆ ಎಲ್ಲ ಗೊತ್ತಿದೆ, ಸಮಯ ನೋಡುತ್ತಿದ್ದಾನೆ ಅನಿಸುತ್ತಿತ್ತು. ಅವನು ಕೆಲವು ಸಲ ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ನಾನು ಆ ಕೂಡಲೇ ನೀರಿನ ನೆಪವೋ ಪುಸ್ತಕದ ನೆಪವೋ ಮಾಡಿ ಎದ್ದುಹೋಗುತ್ತಿದ್ದೆ. ಅವನ ಜೊತೆ ಒಬ್ಬಳೇ ಹೊಲಕ್ಕೆ ಹೋಗಲಿಲ್ಲ, ಕೊಪ್ಪಕ್ಕೆ ಕರೆದರೆ ಹೋಗಲಿಲ್ಲ. ಭಾಗ್ಯಳಿಗೆ ನೆಗಡಿಯಾದರೂ ರಾತ್ರಿ ಎದ್ದೆದ್ದು ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಅವಳು ನಡೆದಳು, ಮಾತಾಡಿದಳು, ಅಪ್ಪನ ಹೆಗಲೇರಿ ಕೂತಳು. ನಾನು ಮಾತ್ರ ಕಂಬದ ಹತ್ತಿರವೇ ಉಳಿದೆ. ಹೀಗೆ ಒಂಬತ್ತು ವರ್ಷ ಕಳೆಯಿತು.

ಟೀಚರ್ ಟ್ರೈನಿಂಗಿಗೆ ಮೈಸೂರಿಗೆ ಹೊರಟ ದಿನ ಬೆಳಿಗ್ಗೆ ಅಪ್ಪ ಜಗಲಿಯಿಂದ ಕರೆದ. ನನ್ನ ಟ್ರಂಕು ಬಾಗಿಲಲ್ಲಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು, ಈ ಸಲ ನೆಪ ಸಿಗಲಿಲ್ಲ. ಹೋಗಿ ಎದುರಿಗೆ ಕೂತೆ. ಅವನು ಪಂಚೆಯ ಮಡಿಕೆಯಿಂದ ಹಳೆಯ ಚಾಕನ್ನು ತೆಗೆದು ನೆಲದ ಮೇಲಿಟ್ಟ. ಹೊಸದಾಗಿ ಮಸೆದು ಎಣ್ಣೆ ಹಾಕಿದ್ದ. ಆಮೇಲೆ ಎದೆಜೇಬಿಗೆ ಕೈಹಾಕಿ ಇನ್ನೊಂದನ್ನು ತೆಗೆದು ಅದರ ಪಕ್ಕಕ್ಕೆ ಇಟ್ಟ. ಸವೆದ ಲಾಳ. ಒಂಬತ್ತು ವರ್ಷ ಜೇಬಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಕಾಯುತ್ತಿದ್ದದ್ದು ಕೊನೆಗೂ ಬಂದೇಬಿಟ್ಟಿತು ಎಂದುಕೊಂಡೆ.

"ತಪ್ಪಾಯ್ತು ಕಣಪ್ಪ. ವಾಂತಿ ಬತ್ತಿತ್ತು. ದಾರ ಹಲ್ಲಲ್ಲಿ ಕಚ್ಚೋಕಾಗ್ನಿಲ್ಲ" ಎಂದೆ. ಧ್ವನಿ ಒಂಬತ್ತು ವರ್ಷದವಳದೇ ಬಂತು.

ಅಪ್ಪ ನನ್ನ ಮುಖ ನೋಡಲಿಲ್ಲ, ಬೆಟ್ಟದ ಕಡೆ ನೋಡಿಕೊಂಡು ಹೇಳಿದ.

"ಅವತ್ತು ನೀನು ನೀರಿಗೋಗಿದ್ದಾಗ ಚಾಕು ನಿನ್ ಸೊಪ್ಪಿನ್ ರಾಸೀಲಿ ನಂಗೆ ಸಿಕ್ತು. ಮದ್ಯಾನುದ್ ಊಟುಕ್ಕೂ ಮುಂಚೆ. ನೀನೇ ತಂದಿದ್ದೀಯ ಅಂತ ಗೊತ್ತಾಯ್ತು. ಆಗ್ಲೇ ಒಳೀಕ್ ಕಳುಸ್ಬೇಕಾಗಿತ್ತು, ಕಳುಸ್ನಿಲ್ಲ."

"ಯಾಕಪ್ಪ?"

"ಮೈಯೆಲ್ಲ ಸೊಪ್ಪಿನ್ ಅಂಟು, ಸಂಜೆ ನೀರುಯ್ಕಂಡು ಮಡುಗುದ್ರಾಯ್ತು ಅಂದ್ಕಂಡೆ. ಅದು ನೆಪ ಕಣವ್ವ. ನಿನ್ನೇ ಕೂಗಿ ಕೊಟ್ ಕಳುಸ್ಬೋದಾಗಿತ್ತಲ್ಲ. ನನ್ ಚಾಕು ನನ್ ಕೈಗ್ ಬಂತು, ಬುಡಾಕೆ ಮನ್ಸಾಗ್ನಿಲ್ಲ. ಕೂಸಿನ್ ತಲೆ ಕೆಳ್ಗೆ ಏನೂ ಇಲ್ಲ ಅಂತ ಗೊತ್ತಿದ್ದೂ ಸಂಜೆಗಂಟ ಅದ್ರಲ್ಲೇ ಕೆಲ್ಸ ಮಾಡ್ದೆ."

ಒಳಗೆ ಭಾಗ್ಯ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದಳು. ಅವಳ ದನಿಗೆ ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟ.

"ನಿಮ್ಮವ್ವ ಕೂಗುದ್ಲಲ್ಲ, ಆಗ ಕೂಸ್ನ ಎತ್ಕಳೋನಂಗೆ ಬಗ್ಗಿ ದಿಂಬಿನ್ ಕೆಳೀಕೆ ಚಾಕ್ ನೂಕ್ದೆ. ಕೈಗೆ ಇದು ಸಿಕ್ತು." ಲಾಳವನ್ನು ಬೆರಳಿನಿಂದ ಮುಟ್ಟಿದ. "ಆಗ ನಂಗೆ ಉಸ್ರು ಬಂತು ಕಣವ್ವ. ನಾನು ಬುಟ್ರೂ ನನ್ ಮಗಳು ಕೂಸ್ನ ಬರೀ ತಲೇಲಿ ಬುಟ್ಟಿಲ್ಲ ಅಂತ. ಇದೇ ಉಳುಸ್ತು ಅದ್ನ. ನಿಂಗೇಳ್ಬೇಕು ಅಂತ ಎಷ್ಟೋ ದಿಸ ಬಾಯ್ಗಂಟ ಬತ್ತಿತ್ತು. ಏಳುದ್ರೆ ನಿಮ್ಮವ್ವುಂಗೂ ಗೊತ್ತಾಯ್ತದೆ ಅಂತ ಬಯ. ನಿನ್ ಕಂಡ್ರೂ ಬಯವೇ. ನೀನು ನನ್ ಕಂಡ್ರೆ ಎದ್ದೋಗ್ತಿದ್ದೆಯಲ್ಲ, ಇವ್ಳಿಗೆ ಎಲ್ಲ ಗೊತ್ತಾಗ್ಬುಟ್ಟದೆ, ಅದ್ಕೇ ನನ್ ಮಕ ನೋಡಲ್ಲ ಅಂದ್ಕಂಡಿದ್ದೆ."

ಅಳು ಬಂತು, ಅತ್ತುಬಿಟ್ಟೆ. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿದಾಗ ಅವನು ಹಿತ್ತಾಳೆ ಹಿಡಿಯ ಚಾಕನ್ನು ನೆಲದ ಮೇಲೆಯೇ ನನ್ನ ಕಡೆಗೆ ಸರಿಸಿದ.

"ಚಾಕು ನೀ ತಗಂಡೋಗು. ಊರು ಒಸ್ದು, ಜೊತೇಲಿರ್ಲಿ. ಲಾಳ ನಂಗಿರ್ಲಿ."

ಬೆಟ್ಟದ ದೇವರಿಗೆ ಹೊತ್ತಿದ್ದ ಹರಕೆಯನ್ನು ಮುರಿದು ನಾನು ಬಗ್ಗಿ ಚಾಕು ಎತ್ತಿಕೊಂಡೆ. ಹೆಬ್ಬೆರಳು ತಾನಾಗಿ ಆ ತಗ್ಗಿನಲ್ಲಿ ಹೋಗಿ ಕೂತಿತು. ಅಪ್ಪ ಲಾಳವನ್ನು ಜೇಬಿಗೆ ಹಾಕಿಕೊಂಡು, ನನ್ನ ಟ್ರಂಕು ಎತ್ತಿ ತಲೆಯ ಮೇಲಿಟ್ಟುಕೊಂಡು, ಕಿಣಿ ಕಿಣಿ ಎನ್ನಿಸುತ್ತಾ ನನ್ನ ಮುಂದೆ ನಡೆದ.